ಬಾಣಂತಿ ಕೋಣೇಲಿ ಏಳು ಸಿಪಾಯಿಗಳು

ಒಂದಾನೊಂದೂರು. ಊರಿಗೆ ಮೂಡ್ಲಾಗೊಬ್ಬ ರಾಜ, ಪಡ್ವಲಾಗೊಬ್ಬ ರಾಜ. ಇಬ್ಬರೂ ಏಳು ಹಗಲು ಹೊಡೆದಾಡಿದ್ರಂತೆ. ಯಾಕಂತ ಕೇಳ್ಬೇಡಿ, ಅವರಿಗೇ ಮರ್ತೋಗಿತ್ತಂತೆ!

ಆ ಊರಲ್ಲಿ ದ್ಯಾವೀರಜ್ಜಿ ಅಂತ ಒಬ್ಳು ಸೂಲಗಿತ್ತಿ. ಬಯಲಲ್ಲಿ ನರಳೋದು ಕೇಳಿ ಓಡೋದ್ಳಂತೆ. ನೋಡ್ತಾಳೆ, ಮೂಡ್ಲೋರು ನಾಲ್ಕು ಜನ, ಪಡ್ವಲೋರು ಮೂರು ಜನ, ಇನ್ನೂ ಉಸಿರಾಡ್ತಾವ್ರೆ. ಏಳೂ ಜನಾನ ಗಾಡಿಗೆ ಹಾಕ್ಕೊಂಡು ಮನೆಗೆ ತಂದ್ಳು. ತಂದು ಏನ್ ಮಾಡೋದು? ಅಜ್ಜಿಗೆ ಗೊತ್ತಿದ್ದಿದ್ದು ಒಂದೇ ವಿದ್ಯೆ, ಬಾಣಂತನ!

ಗಾಯ ತೊಳೆದು, ಅರಿಶಿನ ಮೆತ್ತಿ ಕಟ್ಟಿದ್ಳು. ಆಮೇಲೆ ಶುರುವಾಯ್ತು ನೋಡಿ! ಏಳು ಜನಕ್ಕೂ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ, ಮೂರು ಹೊತ್ತೂ ಬೆಳ್ಳುಳ್ಳಿ ಮೆಣಸಿನ ಸಾರು! ಇಷ್ಟುದ್ದ ಮೀಸೆಯೋರು ಮುದುಡ್ಕೊಂಡು ಕುಡೀತಿದ್ರಂತೆ.

"ಅಜ್ಜೀ, ನನ್ನ ತೊಡೆಗೆ ಈಟಿ ಹಾಕ್ದೋನು ಈ ಪಕ್ಕದೋನೇ" ಅಂದ ಒಬ್ಬ ಮೂಡ್ಲೋನು.

"ಹಂಗಾದ್ರೆ ಗಾಯ ಎಷ್ಟಾಳ ಅಂತ ಅವನಿಗೇ ಚೆನ್ನಾಗಿ ಗೊತ್ತು. ಅವನೇ ಎಣ್ಣೆ ಹಚ್ಲಿ!"

ಹಚ್ಚಿದ್ನಂತೆ!

ಹತ್ತನೇ ದಿನ ಮೂಡ್ಲು ರಾಜ ಕತ್ತಿ ಹಿರ್ಕೊಂಡು ಬಂದ. "ನಮ್ಮೋರ್ನ ಹೊರಗೆ ಕಳ್ಸು. ಪಡ್ವಲೋರ ತಲೆ ತೆಗೀತೀನಿ!"

ಅಜ್ಜಿ ಬಾಗಿಲಿಗೆ ಅಡ್ಡ ನಿಂತ್ಳು. "ಬುದ್ಧೀ, ಇದು ಬಾಣಂತಿ ಕೋಣೆ. ನಿಮ್ಮ ಅರಮನೇಲಿ ಗಂಡಸರು ಹಿಂಗೆ ನುಗ್ತಾರಾ?"

ರಾಜ ಬೆಪ್ಪಾದ. "ಎಷ್ಟ್ ದಿನ ಕಾಯ್ಬೇಕು?"

"ನಲವತ್ತು ಆಗ್ಲಿ."

ಒಳಗಿಂದ ಅವನ ಸಿಪಾಯೇ ಕೂಗ್ದ, "ಬುದ್ಧೀ, ಬಾಗ್ಲು ಎಳ್ಕೊಳಿ, ಗಾಳಿ ಬಡೀತದೆ!"

ಮಾರನೇ ದಿನ ಪಡ್ವಲು ರಾಜನೂ ಬಂದ, ಕತ್ತಿ ಹಿರ್ಕೊಂಡು. ಅವನಿಗೂ ಅದೇ ಮಾತು. ಇಬ್ಬರೂ ಜಗಲೀಲಿ ಕೂತ್ರು. ಅಲ್ಲೇ ಹೊಡೆದಾಡೋಣ ಅಂದ್ರೆ ಅಜ್ಜಿ "ಶ್! ಈಗ ಮಲಗವ್ರೆ" ಅಂತಾಳೆ. ಸುಮ್ನೆ ಯಾಕೆ ಕೂತಿದ್ದೀರಿ ಅಂತ ಬುಟ್ಟಿ ಬೇರೆ ಕೊಟ್ಳು. ರಾಜರು, ಕಿರೀಟ ಇಟ್ಕೊಂಡು, ಬೆಳ್ಳುಳ್ಳಿ ಸುಲಿದ್ರಂತೆ!

ನಲವತ್ತು ಆಯ್ತು. ಏಳೂ ಜನ ನಡ್ಕೊಂಡು ಹೊರಗೆ ಬಂದ್ರು. ಇಬ್ಬರು ರಾಜರ ಕೈಯೂ ಕತ್ತಿ ಮೇಲೆ ಹೋಯ್ತು.

"ತಡೀರಿ! ಬಾಣಂತೀನ ಬರಿ ಮಡ್ಲಲ್ಲಿ ಕಳ್ಸೋದು ಎಲ್ಲಾದ್ರೂ ಐತಾ? ಮಡ್ಲಕ್ಕಿ ಹುಯ್ಯಿರಿ. ಅದನ್ನ ಹುಯ್ಯೋರು ತವರೋರು, ಗಂಡನ ಮನೆಯೋರಲ್ಲ. ಇವರು ವಾಪಸ್ ಹೋಗೋ ಅವರವರ ರಾಜನ ಮನೇನೇ ಗಂಡನ ಮನೆ. ಮೂಡ್ಲೋರಿಗೆ ಪಡ್ವಲು ರಾಜ ತವರು, ಪಡ್ವಲೋರಿಗೆ ಮೂಡ್ಲು ರಾಜ ತವರು. ಹೂಂ, ಬೇಗ!"

ಸಿಪಾಯಿಗಳು ಪಂಚೆ ಒಡ್ಡಿದ್ರು. ರಾಜರು ಮುಖ ಮುಖ ನೋಡ್ಕೊಂಡು, ಕತ್ತಿ ಕೆಳಗಿಟ್ಟು, ಬೊಗಸೆ ಬೊಗಸೆ ಅಕ್ಕಿ, ಕೊಬ್ಬರಿ, ಬೆಲ್ಲ ಹುಯ್ದ್ರು. ಮಡ್ಲು ತುಂಬಿದ ಮಕ್ಕಳ ಮೇಲೆ ಇನ್ನು ಕತ್ತಿ ಎತ್ತೋದು ಹೆಂಗೆ? ಯುದ್ಧ ಅಲ್ಲಿಗೆ ನಿಂತೋಯ್ತಂತೆ. ಆ ಮೀಸೆಯೋರು ವರ್ಷಕ್ಕೊಂದ್ಸಲ "ತವರಿಗೆ ಹೋಗ್ಬರ್ತೀವಿ" ಅಂತ ಹೊರಡ್ತಿದ್ರಂತೆ, ಮೂಡ್ಲೋರು ಪಡ್ವಲಿಗೆ, ಪಡ್ವಲೋರು ಮೂಡ್ಲಿಗೆ!

ಅವರು ತವರಲ್ಲಿ ಉಂಡು ಮಲಗಿದ್ರು, ನಾವಿಲ್ಲಿ ಕಥೆ ಉಂಡು ಎದ್ವು.