ಕೋಲೆಬಸವ ಕಲಿತದ್ದು

"ಗುರುಗಳೇ, ಕಲಿಯುತ್ತಾ ಹೋದಂತೆ ಮಿದುಳಿನಲ್ಲಿ ತಡೆಯುವ ನರಗಳ ನಂಟೂ ಬದಲಾಗುತ್ತದೆ ಎಂದಿರಿ. ಮಾಡುವುದನ್ನು ಕಲಿಯಬೇಕು, ಸರಿ. ತಡೆಯುವುದನ್ನೂ ಕಲಿಯಬೇಕೇ?"

ಮರುಳಯ್ಯ ತಲೆ ಎತ್ತದೆ ಕೇಳಿದ. ಪ್ರಶ್ನೆ ಪಾಠದ್ದೇ, ಆದರೆ ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಹಿಂದಿನ ದಿನ ಮಠದ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು, "ತುಪ್ಪ ಕದ್ದವಳು ಅಡುಗೆಯ ಚೆನ್ನಾಜಮ್ಮನೇ ಅಲ್ಲವೇನೋ?" ಎಂದು ಅವನನ್ನು ಕೇಳಿದ್ದರು. ಅವನು ಏನನ್ನೂ ಕಂಡಿರಲಿಲ್ಲ. ದೊಡ್ಡವರು ಕೇಳಿದರೆ ಹೂಂ ಎನ್ನುವುದು ಚಿಕ್ಕಂದಿನ ರೂಢಿ, ಹೂಂ ಎಂದುಬಿಟ್ಟ. ಚೆನ್ನಾಜಮ್ಮ ಸೌಟನ್ನು ಕೆಳಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಮನೆಗೆ ಹೊರಟುಹೋದಳು. ತಾನು ಏನನ್ನೂ ಕಂಡಿಲ್ಲವೆಂದು ನಾಚಿಕೆಯಿಂದ ಇನ್ನೂ ಯಾರಿಗೂ ಹೇಳಿಲ್ಲ.

ಪಂಕ್ತಿಯ ಸಂಗತಿ ಗುರುಗಳ ಕಿವಿಗೂ ಬಿದ್ದಿತ್ತು. ಅವರು ಕತೆ ಹೇಳಿದರು.

ಒಬ್ಬನು ಕೋಲೆಬಸವನನ್ನು ಮನೆಮನೆಗೆ ಕರೆದೊಯ್ದು ಬದುಕುತ್ತಿದ್ದ. ಬಸವ ಕರುವಾಗಿದ್ದಾಗಲೇ ಅದಕ್ಕೆ ಪಾಠ ಮಾಡಿದ್ದ. ಡೋಲು ಬಡಿದರೆ ತಲೆಯಾಡಿಸಬೇಕು, ಆಡಿಸಿದರೆ ಬೆಲ್ಲ. ಮಗಳಿಗೆ ಮದುವೆಯಾಗುತ್ತದೆಯೇ ಬಸವಣ್ಣ? ಹೌದು. ಕಾಲುನೋವು ವಾಸಿಯಾಗುತ್ತದೆಯೇ? ಹೌದು. ಹೌದು ಎನ್ನಿಸಿಕೊಂಡು ಕಾಳು ಕೊಡುವ ಜನಕ್ಕೆ ಲೋಕದಲ್ಲಿ ಬರವೇ?

ಒಂದು ಮನೆಯ ಒಡತಿ ಮೂಗುತಿ ಕಳೆದುಕೊಂಡಿದ್ದಳು. ಸೊಸೆಯನ್ನು ಅಂಗಳಕ್ಕೆ ಎಳೆತಂದು, "ಇವಳೇ ಕದ್ದಿದ್ದಾ ಬಸವಣ್ಣ?" ಎಂದು ಕೇಳಿದಳು. ಅವನ ಕೈ ರೂಢಿಯಂತೆ ಡೋಲಿನ ಮೇಲೆ ಬಿತ್ತು. ಬಸವ ತಲೆಯಾಡಿಸಿತು. ಆಡಿಸಿದ ಮೇಲೆ ಸೊಸೆಯ ಕೈಯನ್ನು ನೆಕ್ಕಿತು; ಬಂದಾಗಲೆಲ್ಲ ಅದಕ್ಕೆ ಹಿಂಡಿ ಇಡುತ್ತಿದ್ದವಳು ಅವಳೇ. ಇದು ಡೋಲಿನ ಪಾಠ ತಾಯಿ, ದೇವರ ಮಾತಲ್ಲ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ. ಒಡತಿ ಹಾಕಿದ ರಾಗಿಯನ್ನು ಜೋಳಿಗೆಗೆ ತುಂಬಿಕೊಂಡು ಬಂದ.

ಅವನಿಗೆ ನಾಚಿಕೆಯಾಯಿತು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುವಂತೆ ಬಸವನ ಮೂತಿಗೆ ಬಡಿದ. ಅದು ತಲೆಯಾಡಿಸಿದಾಗಲೆಲ್ಲ ಬಡಿದ. ಕೊನೆಗೆ ಬಸವ ತಲೆಯಾಡಿಸುವುದನ್ನೇ ಬಿಟ್ಟಿತು. ಬಾನಿಯ ನೀರಿಗೂ ಕತ್ತು ಬಗ್ಗಿಸದೆ ನಿಂತಿತು.

ಅವನ ಮುದಿ ತಾಯಿ ಇದನ್ನು ನೋಡಿ ಬೈದಳು. "ಎಲ್ಲಾದ್ಕೂ ಹೂಂ ಅನ್ನೋದು ಕಲ್ತಂಗಲ್ಲ, ಎಲ್ಲಾದ್ಕೂ ಸುಮ್ಕಿರೋದೂ ಕಲ್ತಂಗಲ್ಲ ಕಣ್ಲಾ. ಎಲ್ಲಿ ತಡೀಬೇಕೋ ಅಲ್ಲಿ ಮಾತ್ರ ತಡ್ಯೋದು ಕಲ್ಸು."

ಅವನು ಕೋಲು ಬಿಸಾಡಿ ಬಸವನ ಮುಂದೆ ಕುಳಿತ. ಒಳ್ಳೆಯದನ್ನು ಕೇಳಿ ಡೋಲು ಬಡಿದಾಗ ಅದರ ಕತ್ತಿನ ಕೆಳಗಿನ ಗಂಗೆದೊಗಲನ್ನು ಸವರಿ ಧೈರ್ಯ ಕೊಟ್ಟ. 'ಕದ್ದಿದ್ದಾ' ಎಂಬ ಮಾತು ಬಂದಾಗ ಅದರ ಹಣೆಯ ಮೇಲೆ ಅಂಗೈ ಇಟ್ಟ. ಬರಬರುತ್ತಾ ಅಂಗೈ ಬೇಕಾಗಲಿಲ್ಲ. ಡೋಲು ಬಡಿದರೂ ಆ ಒಂದು ಮಾತಿಗೆ ಬಸವ ತಲೆಯನ್ನು ತಾನೇ ಹಿಡಿದು ನಿಲ್ಲುತ್ತಿತ್ತು. ಉಳಿದದ್ದಕ್ಕೆ ಮೊದಲಿನಂತೆ ಆಡಿಸುತ್ತಿತ್ತು, ನೀರಿಗೂ ಬಗ್ಗುತ್ತಿತ್ತು. ತಲೆಯಾಡಿಸು ಎನ್ನುವ ನರಗಳು ಮೊದಲೂ ಇದ್ದವು, ಈಗಲೂ ಇದ್ದವು. ಬೇಡ ಎನ್ನುವ ನರಗಳ ಹಿಡಿತ ಒಂದು ಕಡೆ ಬಿಗಿಯಾಯಿತು, ಇನ್ನೊಂದು ಕಡೆ ಸಡಿಲವಾಯಿತು. ಅದು ಕಲಿತದ್ದು ಇಷ್ಟೇ, ಮರುಳಯ್ಯ.

ಅವನು ಬಸವನನ್ನು ಅದೇ ಮನೆಗೆ ಕರೆದೊಯ್ದ. ಸೊಸೆಯನ್ನು ಆಗಲೇ ತವರಿಗೆ ಅಟ್ಟಿದ್ದರು. ಅವನೇ ಹಳೆಯ ಪ್ರಶ್ನೆ ಕೇಳಿ ಡೋಲು ಬಡಿದ. ಬಸವ ಅಲುಗಲಿಲ್ಲ. "ಹೋದ ಸಲ ಹೌದು ಅಂದಿತ್ತಲ್ಲಪ್ಪಾ?" ಎಂದಳು ಒಡತಿ. ಅವನು ಬಾಯಿ ತೆರೆದ. ನಿಜ ಹೇಳಲು ನಾಚಿಕೆಯಾಗಿ ಜೋಳಿಗೆ ಚಾಚಿದ. ಅಂದೂ ರಾಗಿ ಹಾಕಿಸಿಕೊಂಡು ಹೊರಟುಬಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯನ ಕಿವಿ ಬಿಸಿಯಾಗಿತ್ತು. ಅವನು ಚಾಪೆಯ ಅಂಚನ್ನು ನೋಡುತ್ತಾ ಕೇಳಿದ:

"ಆಮೇಲೆ ಆ ಸೊಸೆ ಏನಾದಳು, ಗುರುಗಳೇ?"

"ಚೆನ್ನಾಜಮ್ಮನ ಮನೆಗೆ ಹೋಗಿ ಕೇಳು."