ಮುಳ್ಳುಹಂದಿ ಮಲಗಿದ್ದು

ಕಾಯಿಲೆ ಬಿದ್ದ ತಾಯಿಯನ್ನು ಮುಳ್ಳುಹಂದಿಯೊಂದು ಒಂಟಿಯಾಗಿ ನೋಡಿಕೊಳ್ಳುತ್ತಿತ್ತು. ಬಿಲದ ಬಳಿ ಸದ್ದಾದರೆ ಸಾಕು, ಅದರ ಮುಳ್ಳುಗಳು ನಿಮಿರುತ್ತಿದ್ದವು. ಹೊಂಚು ಹಾಕಿದ್ದ ನರಿ ಮೂತಿ ಚುಚ್ಚಿಸಿಕೊಂಡು ಓಡಿದ್ದೂ ಅದರಿಂದಲೇ. ಆದರೆ ಕಾವಲು ಕಾದು ಕಾದು ಮುಳ್ಳುಹಂದಿ ನಿಂತಲ್ಲೇ ತೂಕಡಿಸತೊಡಗಿತು.

ಒಂದು ದಿನ ನೆರೆಯ ಮೊಲ ಗೆಣಸು ತಂದಿತು. “ಅಕ್ಕಾ, ನೀವು ಸ್ವಲ್ಪ ಮಲಗಿ. ಅಮ್ಮನಿಗೆ ನಾನು ತಿನ್ನಿಸುತ್ತೇನೆ.”

ಮುಳ್ಳುಗಳು ಸರ್ರನೆ ಎದ್ದವು. ಮೊಲ ಒಂದೇ ನೆಗೆತಕ್ಕೆ ಪೊದೆ ಸೇರಿತು.

“ಹೋಗಬೇಡಮ್ಮ, ನನಗೂ ಸಾಕಾಗಿದೆ!” ಎಂದು ಮುಳ್ಳುಹಂದಿ ಗೋಗರೆಯಿತು.

“ಮೊದಲು ಮುಳ್ಳು ಇಳಿಸಿ!”

“ಇಳಿಸೋಣವೆಂದರೆ ಅವು ನನ್ನ ಮಾತು ಕೇಳುತ್ತಿಲ್ಲವಲ್ಲ!”

ಒಳಗಿನಿಂದ ತಾಯಿ ಗದರಿತು: “ಬೆನ್ನನ್ನು ಗೋಡೆಗೆ ಹಚ್ಚಿ ಮಲಗೇ, ಪೆದ್ದಿ! ನರಿ ಬಂದರೆ ಬರಲಿ, ನನ್ನ ಬೆನ್ನ ಮೇಲೇನು ಹೂವು ಬೆಳೆದಿದೆಯೇ?”

ಗೊರಕೆ ಶುರುವಾಗುವವರೆಗೆ ಮೊಲ ಹೊರಗೇ ಕಾಯಿತು. ಮುಳ್ಳುಗಳು ತಾವಾಗಿಯೇ ಇಳಿದ ಮೇಲೆ ಗೆಣಸು ಹಿಡಿದು ಒಳಗೆ ಬಂತು.