ಚಿಕ್ಕಿ ತಿನ್ನುವ ದೆವ್ವ

ಶಾಲೆಯ ಕತ್ತಲೆ ಉಗ್ರಾಣದಲ್ಲಿಟ್ಟ ಮಕ್ಕಳ ಚಿಕ್ಕಿ ದಿನಾ ಮಾಯವಾಗುತ್ತಿತ್ತು.

“ಒಳಗೆ ದೆವ್ವ ಇದೆ. ಇವತ್ತೇ ಓಡಿಸು, ಇಲ್ಲ ಕೆಲಸ ಬಿಡು,” ಎಂದು ಹೆಡ್‌ಮಾಸ್ಟರ್ ಫಾಲಾಕ್ಷಪ್ಪನವರು ಅಡುಗೆಯವಳನ್ನು ಗದರಿದರು.

ಅವಳು ಹಸಿ ಸುಣ್ಣದಲ್ಲಿ ಉಗ್ರಾಣದ ಬಾಗಿಲಿನ ಒಳಮೈಗೆ ‘ನಾಳೆ ಬಾ’ ಎಂದು ಬರೆದಳು.

“ದೆವ್ವ ವಾಪಸ್ ಹೋಗ್ಲಿ ಅಂತ ಎಲ್ಲರೂ ಹೊರಗೆ ಬರೀತಾರೆ. ನೀನ್ಯಾಕೆ ಒಳಗೆ ಬರೆದೆ?” ಅಂದಳು ಐದನೇ ಕ್ಲಾಸಿನ ಭ್ರಮರಾಂಬ.

“ವಾಪಸ್ ಹೋದ್ರೆ ಅದರ ಮುಖ ನೋಡೋದು ಹೇಗೆ?”

ಊಟದ ಬಿಡುವು ಮುಗಿದ ಮೇಲೆ ಐದನೇ ಕ್ಲಾಸಿನಲ್ಲಿ ಹೆಡ್‌ಮಾಸ್ಟರು ಲೆಕ್ಕ ಬರೆಯಲು ಬೋರ್ಡಿನತ್ತ ತಿರುಗಿದರು. ಅವರ ಕರೀ ಕೋಟಿನ ಬೆನ್ನ ಮೇಲೆ ‘ನಾಳೆ ಬಾ’ ಬೆಳ್ಳಗೆ, ಉಲ್ಟಾ ಅಚ್ಚಾಗಿತ್ತು. ಉಗ್ರಾಣದೊಳಗೆ ಯಾರೂ ಬರದಂತೆ ಬಾಗಿಲಿಗೆ ಒರಗಿ ನಿಂತು ಚಿಕ್ಕಿ ತಿಂದಿದ್ದರು.

ಭ್ರಮರಾಂಬ ಅಡುಗೆಯವಳನ್ನು ಕರೆತಂದಳು. ಮಕ್ಕಳ ನಗು ಕೇಳಿ ಹೆಡ್‌ಮಾಸ್ಟರು ಕೋಟು ಬಿಚ್ಚಿ ನೋಡಿ, ಗಡಿಬಿಡಿಯಲ್ಲಿ ಮಡಚಿ ಕಂಕುಳಲ್ಲಿ ಅಡಗಿಸಿಕೊಂಡರು.

“ದೆವ್ವಕ್ಕೆ ಓದೋಕೆ ಬರುತ್ತೆ ಸಾರ್,” ಅಂದಳು ಅಡುಗೆಯವಳು, “ಬೆನ್ನಿಗೆ ಕಣ್ಣಿಲ್ಲ, ಅಷ್ಟೇ.”